ಪುಣೆಗೆ ಹೋದ ಮಣ್ಣೆತ್ತು

ನಮ್ಮ ಅತ್ತೆಯವರು ಕಳೆದ ಅಮಾವಾಸ್ಯೆಯ ಬೆಳಿಗ್ಗೆ, ಚಹಾ ಕುಡಿಯುವುದಕ್ಕೂ ಮೊದಲು, ಈ ಸೀಮೆಯ ನೂರಾರು ವರ್ಷಗಳ ಮಳೆಯನ್ನು ನೀರು ಚಿಮುಕಿಸಿ ನಾದಿಬಿಟ್ಟರು.

ನಾದಿ, ಮುದ್ದೆ ಮಾಡಿ, ಕಾಲು ಕೋಡು ಬಾಲ ತಿದ್ದಿ, ದೇವರ ಜಗುಲಿಯ ಮೇಲೆ ಸಾಲಾಗಿ ನಿಲ್ಲಿಸಿ, ಹೂವೇರಿಸಿ ಕೈಮುಗಿದರು.

ಬಿಸಿಲಿಗೆ ನನ್ನ ತಲೆ ಕೆಟ್ಟಿದೆ ಅಂದುಕೊಂಡಿರಾ? ಇರಬಹುದು. ಕೊಟ್ಟೂರಿನಲ್ಲಿ ಈ ಸಲ ಮಳೆ ಇನ್ನೂ ಮುಖ ತೋರಿಸಿಲ್ಲ. ಆದರೆ ನಾನು ಹೇಳಿದ್ದು ಮಾತ್ರ ಅಕ್ಷರಶಃ ನಿಜ. ಮೊದಲಿನಿಂದ ಹೇಳುತ್ತೇನೆ.

ಅಮಾವಾಸ್ಯೆಗೆ ಎರಡು ವಾರ ಮುಂಚೆ ನಮ್ಮ ಮನೆಗೆ ವಿನುತಾ ಬಂದಳು. ಬಳ್ಳಾರಿಯ ಕಾನ್ವೆಂಟಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ಗೆಳತಿಯ ಕೊನೆಯ ತಂಗಿ. ಅವರಪ್ಪ ರೈಲ್ವೆಯಲ್ಲಿದ್ದವರು, ಮೂಲ ಮೈಸೂರು ಕಡೆ. ನಾನು ಕಂಡಾಗ ಎರಡು ಜಡೆಯ, ಸದಾ ಶೀತದ ಮಗು. ಈಗ ಪುಣೆಯಲ್ಲಿ ಪಿಎಚ್.ಡಿ. ಮಾಡುತ್ತಿದ್ದಾಳೆ. ಕಾಲಿಗೆ ಗಂಡಸರ ಬೂಟು, ಹೆಗಲಿಗೆ ಕ್ಯಾನ್ವಾಸ್ ಚೀಲ. (ಮೂಗು ಮಾತ್ರ ಈಗಲೂ ಕೆಂಪಗೇ ಇದೆ.)

"ಏನು ಓದಾಕತ್ತೀ ತಂಗಿ?" ಎಂದು ಕೇಳಿದರು ಅತ್ತೆ.

"ಸಮುದ್ರದ ಬಗ್ಗೆ ಅಜ್ಜಿ. ಅದರ ನೀರು ಯಾವಾಗ ಬೆಚ್ಚಗಾಗುತ್ತೆ, ಯಾವಾಗ ತಣ್ಣಗಾಗುತ್ತೆ, ಅದರಿಂದ ಗಾಳಿ ಹೇಗೆ ಬದಲಾಗುತ್ತೆ ಅಂತ."

ಅತ್ತೆ ಅವಳ ಬೂಟನ್ನೊಮ್ಮೆ, ಮುಖವನ್ನೊಮ್ಮೆ ನೋಡಿದರು.

"ಮತ್ತ ಸಮುದ್ರ ನೋಡಾಕ ಇಲ್ಲಿಗ್ಯಾಕ ಬಂದಿ? ನಮ್ಮಲ್ಲಿ ಕುಡಿಯೋ ನೀರ ದಿನಾ ಬಿಟ್ಟು ದಿನಾ ಬರ್ತಾವ."

ನ್ಯಾಯವಾದ ಪ್ರಶ್ನೆಯಲ್ಲವೇ? ನಾನೂ ಅದನ್ನೇ ಕೇಳಬೇಕೆಂದಿದ್ದೆ. ಇಂಗ್ಲಿಷಿನಲ್ಲಿ ಹೇಗೆ ಕೇಳುವುದೆಂದು ಯೋಚಿಸುತ್ತಿದ್ದೆ, ಅಷ್ಟರಲ್ಲಿ ಅತ್ತೆ ಮುಗಿಸಿಬಿಟ್ಟರು.

ನಾನು ಕಲಿತ ಜಾಗ್ರಫಿಯಲ್ಲಿ ಸಮುದ್ರವೆಂದರೆ ಮ್ಯಾಪಿನ ನೀಲಿ. ಬಣ್ಣ ಗೆರೆ ದಾಟದಂತೆ ತುಂಬಬೇಕು, ಅಷ್ಟೆ. ದಾಟಿದರೆ ಸಿಸ್ಟರ್ ಸ್ಕೇಲಿನಿಂದ ಬೆರಳ ಗಂಟಿನ ಮೇಲೆ ಒಂದು ಕೊಡುತ್ತಿದ್ದರು. ಆ ನೀಲಿ ಗೆರೆ ದಾಟಿ ಕೊಟ್ಟೂರಿನವರೆಗೆ ಬರುತ್ತದೆಂದು ಯಾರೂ ಹೇಳಿರಲಿಲ್ಲ.

ವಿನುತಾ ಅಡುಗೆಮನೆಯಲ್ಲಿ ಕಾಲು ಚಾಚಿ ಕೂತು ಪಾಠ ಶುರುಮಾಡಿದಳು.

"ಅಜ್ಜಿ, ಬಚ್ಚಲಲ್ಲಿ ಹಂಡೆ ಕಾಯಿಸ್ತೀರಲ್ಲ, ಆಗ ಹೊಗೆ ಎತ್ತ ಹೋಗುತ್ತೆ?"

"ನನ್ನ ಕಣ್ಣಿಗೆ."

ಪಾಠ ಮತ್ತೆ ಮೊದಲಿನಿಂದ. ಭೂಮಿಯ ಆಚೆ ಮಗ್ಗುಲಲ್ಲಿ ಒಂದು ಭಾರಿ ಸಮುದ್ರ. ಕೆಲವು ವರ್ಷ ಅದರ ನೀರು ಇರಬೇಕಾದ್ದಕ್ಕಿಂತ ತುಸು ಬೆಚ್ಚಗಾಗುತ್ತದೆ. ಆಗ ಅದರ ಮೇಲಿನ ಗಾಳಿ ತನ್ನ ದಾರಿ ಬದಲಿಸುತ್ತದೆ. ಅಲ್ಲಿ ಗಾಳಿ ದಾರಿ ಬದಲಿಸಿದರೆ ಇಲ್ಲಿ ನಮಗೆ ಮಳೆ ತರುವ ಗಾಳಿಯೂ ಎಷ್ಟೋ ಸಲ ಸೊರಗುತ್ತದೆ.

"ಅದು ಬೆಚ್ಚಗಾಗಿದ್ದು ನಿಮಗ ಹೆಂಗ ತಿಳೀತೈತಿ?"

"ಹಡಗಿನಿಂದ ಬಕೆಟ್ ಇಳಿಬಿಟ್ಟು ನೀರು ಸೇದ್ತಾರೆ. ಅದರೊಳಗೆ ಥರ್ಮಾಮೀಟರ್ ಇಟ್ಟು ನೋಡ್ತಾರೆ."

ಅತ್ತೆ ಸಜ್ಜೆಯ ರೊಟ್ಟಿ ತಟ್ಟುವುದನ್ನು ನಿಲ್ಲಿಸಿದರು. "ಜ್ವರ ಬಂದೋರಿಗೆ ಇಟ್ಟಂಗ?"

"ಹೂಂ, ಹಾಗೇ."

"ಪಾಪ. ಅಷ್ಟು ದೊಡ್ಡದಕ್ಕ ಕಷಾಯ ಕಾಸಿಕೊಡೋರು ಯಾರು?"

ಆದರೆ ಬಕೆಟ್ ಇಳಿಬಿಡುವುದೆಲ್ಲ ಈಚಿನ ಮಾತು. ಅದಕ್ಕೂ ಹಿಂದೆ, ಅಜ್ಜನ ಅಜ್ಜನ ಕಾಲದಲ್ಲಿ, ಸಮುದ್ರ ಹೇಗಿತ್ತು? ಅದಕ್ಕೆ ಸಮುದ್ರದ ತಳದ ಕೆಸರು ತೆಗೆದು, ಅದರಲ್ಲಿರುವ ಸಾಸಿವೆಗಿಂತ ಸಣ್ಣ ಚಿಪ್ಪುಗಳನ್ನು ನೋಡುತ್ತಾರಂತೆ. ಆಗ ನೀರು ಬೆಚ್ಚಗಿತ್ತೋ ತಣ್ಣಗಿತ್ತೋ ಚಿಪ್ಪು ಹೇಳುತ್ತದಂತೆ. ಸರಿ, ಅದೇ ಕಾಲದಲ್ಲಿ ನಮ್ಮ ಕಡೆ ಮಳೆ ಹೇಗಿತ್ತು? ಅದನ್ನು ಹೇಳುವುದು ಹಳೆಯ ಕೆರೆಯ ಕೆಸರು. ಕೆರೆ ಕಟ್ಟಿದಂದಿನಿಂದ ಪದರದ ಮೇಲೆ ಪದರ. ಪ್ರತಿ ಪದರದಲ್ಲೂ ಆಯಾ ಕಾಲದ ಹೂವಿನ ಪರಾಗ ಕಣ್ಣಿಗೆ ಕಾಣದಷ್ಟು ಸಣ್ಣಗೆ ಉಳಿದಿರುತ್ತದೆ. ಮಳೆ ಚೆನ್ನಾಗಿದ್ದ ಕಾಲದಲ್ಲಿ ಗಿಡಮರಗಳದ್ದು ಹೆಚ್ಚು, ಇಲ್ಲದ ಕಾಲದಲ್ಲಿ ಒಣಹುಲ್ಲಿನದು. ಸಮುದ್ರದ ಕೆಸರನ್ನೂ ಕೆರೆಯ ಕೆಸರನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ, ಯಾವಾಗ ಅದು ಬಿಸಿಯಾಯಿತು, ಯಾವಾಗ ಇದು ಒಣಗಿತು ಎಂಬುದು ತಾಳೆಯಾಗುತ್ತದೆ.

ನನಗೆ ಇದು ಬಹಳ ಹಿಡಿಸಿತು. ನಮ್ಮ ಮನೆಯ ಕೌದಿಯ ಹಾಗೆ ಅನ್ನಿಸಿತು. ಹೊಲಿಗೆ ಬಿಚ್ಚಿದರೆ ಮೇಲೆ ನನ್ನ ಸೀರೆ, ಅದರ ಕೆಳಗೆ ಅತ್ತೆಯ ಸೀರೆ, ಇನ್ನೂ ಕೆಳಗೆ ಅವರ ಅತ್ತೆಯ ಇಳಕಲ್ಲು. ಯಾವ ವರ್ಷ ಮನೆಯಲ್ಲಿ ಸುಗ್ಗಿ ಚೆನ್ನಾಗಿತ್ತೆಂದು ಅಂಚು ನೋಡಿ ಹೇಳಬಹುದು.

ವಿನುತಾಳ ಕಷ್ಟ ಬೇರೆ ಇತ್ತು. ಅವಳ ಪ್ರೊಫೆಸರಿಗೆ, ಹೆಣ್ಣುಮಕ್ಕಳು ಕೆರೆಗಿಳಿದು ಮಣ್ಣು ತೆಗೆಯುವುದರಲ್ಲಿ ನಂಬಿಕೆ ಇರಲಿಲ್ಲ. "ಈ ಬೇಸಿಗೆ ಒಂದು ಚಾನ್ಸ್. ಮಣ್ಣು ತಂದರೆ ವಿಷಯ ನಿನ್ನದು. ಇಲ್ಲದಿದ್ದರೆ ಬೇರೆ ಹುಡುಗನಿಗೆ ಕೊಡುತ್ತೇನೆ, ನೀನು ಲೈಬ್ರರಿಯಲ್ಲಿ ಕೂತು ಮಾಡುವ ಯಾವುದಾದರೂ ಕೆಲಸ ಹುಡುಕಿಕೋ" ಎಂದಿದ್ದರಂತೆ. ಇದನ್ನು ಹೇಳುವಾಗ ಅವಳು ನಕ್ಕಳು. ಆದರೆ ಕೈ ಸುಮ್ಮನಿರದೆ ಚಾಪೆಯ ಕಡ್ಡಿ ಕೀಳುತ್ತಿತ್ತು.

ಊರಾಚೆಯ ಕೆರೆಯಲ್ಲಿ ಕೆಲಸ ಶುರುವಾಯಿತು. ಇಲ್ಲಿಯ ರೈತರು ಬೇಸಿಗೆಯಲ್ಲಿ ಕೆರೆಯ ಹೂಳನ್ನು ಬಂಡಿಗಟ್ಟಲೆ ಹೊಲಕ್ಕೆ ಹೊಡೆಯುತ್ತಾರೆ, ಗೊತ್ತಲ್ಲ. ಹೀಗಾಗಿ ಕೆರೆಯ ಇತಿಹಾಸವೆಲ್ಲ ಶೇಂಗಾ ಹೊಲಗಳಲ್ಲಿ ಹರಡಿಹೋಗಿತ್ತು. ತೂಬಿನ ಬುಡದ ಜವುಗಿನಲ್ಲಿ ಮಾತ್ರ ಬಂಡಿ ಹೂತುಕೊಳ್ಳುತ್ತದೆಂದು ಯಾರೂ ಕೈ ಹಾಕಿರಲಿಲ್ಲ. ಅಲ್ಲಿಯೇ ಕಬ್ಬಿಣದ ಮುಕ್ಕಾಲಿ ಹೂಡಿ, ಚೈನು ಕಟ್ಟಿ, ಉದ್ದನೆಯ ಪೈಪನ್ನು ಕೆಸರಿಗೆ ಬಡಿದು ಇಳಿಸುವುದು. ಆಮೇಲೆ ಒಳಗಿನ ಮಣ್ಣು ಕದಡದಂತೆ ಎತ್ತುವುದು. ಮುಕ್ಕಾಲಿ, ಚೈನು, ಎಳೆಯುವ ಇಬ್ಬರು ಆಳುಗಳು, ಎಲ್ಲ ಬೋರ್ ಹಾಕುವವರಿಂದ ಬಾಡಿಗೆಗೆ.

ಬೋರ್‌ನವರ ಸಾಮಾನು ಕಂಡರೆ ಜನ ಸುಮ್ಮನಿರುತ್ತಾರೆಯೇ? ಏರಿಯ ಮೇಲೆ ಸಾಲುಗಟ್ಟಿ ಕೂತರು. ನಾನು ಬುತ್ತಿ ಒಯ್ದಾಗ ಒಬ್ಬರು ಕೇಳಿದರು:

"ನೀರು ಬಿತ್ತೇನ್ರಿ ಅಕ್ಕಾರ?"

"ನೀರಿಗಲ್ಲ, ಮಣ್ಣಿಗೆ."

"ಮಣ್ಣಿಗೆ ಅಷ್ಟು ಆಳ ಯಾಕ್ರಿ? ಇಲ್ಲೇ ಮ್ಯಾಲೆ ಬೇಕಾದಷ್ಟು ಐತಲ್ಲ."

"ಇವರಿಗೆ ಹಳೇದು ಬೇಕಂತೆ."

ಅಷ್ಟೇ ಸಾಕಾಯಿತು. ಸಂಜೆಯೊಳಗೆ ಊರಲ್ಲೆಲ್ಲ ನಿಧಿಯ ಸುದ್ದಿ. ನಮ್ಮವರು ಇಲ್ಲಿಯ ಕರೆಂಟ್ ಆಫೀಸಿನಲ್ಲಿ ಎಂಜಿನಿಯರು. ಅವರ ಆಫೀಸಿಗೇ ಬಂದು, "ಸಾಹೇಬ್ರ, ಸಿಕ್ರ ನಮ್ಮನ್ನ ಮರೀಬ್ಯಾಡ್ರಿ" ಎಂದು ಇಬ್ಬರು ಹೇಳಿಹೋದರಂತೆ.

ಒಂದು ಪೈಪು ಕಲ್ಲಿಗೆ ತಾಗಿ ಬಾಗಿತು. ಇನ್ನೊಂದರಿಂದ ಮಣ್ಣು ಜಾರಿಹೋಯಿತು. ಕೊನೆಯ ಪ್ರಯತ್ನದಲ್ಲಿ ಸಿಕ್ಕಿತು. ತಳದ ಕಲ್ಲಿನವರೆಗೂ ಇಳಿದು, ಕದಡದೆ ಮೇಲೆ ಬಂದ ಮಣ್ಣು. ಪೈಪಿನಿಂದ ಉದ್ದನೆಯ ತಗಡಿನ ದೋಣಿಗೆ, ಅಂದರೆ ಸೀಳಿದ ಕೊಳವೆಯಂಥ ತೊಟ್ಟಿಗೆ, ಮೆಲ್ಲಗೆ ಜಾರಿಸಿದರು. ಅದನ್ನು ನೋಡಿದೆ, ಚೆಂದವಿತ್ತು. ಒಂದು ಕಡೆ ಕಪ್ಪು, ಆಮೇಲೆ ಬೂದು, ನಡುವೆ ಬೆಲ್ಲದ ಬಣ್ಣದ ಗೆರೆಗಳು. ಒಂದು ಗೆರೆಯ ಮೇಲೆ ಬೆರಳಿಟ್ಟು ವಿನುತಾ, "ಅಕ್ಕಾ, ಇದು ಯಾವುದೋ ಕೆಟ್ಟ ಕಾಲ" ಎಂದಳು.

ಮುಕ್ಕಾಲಿ ಚೈನು ಅಂದೇ ಹಗರಿಬೊಮ್ಮನಹಳ್ಳಿಯ ಕಡೆ ಹೋದವು. ತೂಬಿನ ಬುಡದ ಗುಂಡಿ ಕುಸಿದು ಕದಡಿಹೋಯಿತು. ದೋಣಿ ನಮ್ಮ ಮನೆಗೆ ಬಂದು, ನೀರಿನ ಕೊಡಗಳ ಪಕ್ಕ ತಂಪಾದ ಮೂಲೆಯಲ್ಲಿ ಹಸಿ ಗೋಣಿಚೀಲ ಹೊದ್ದು ಮಲಗಿತು. ಹೊಸಪೇಟೆಯಲ್ಲಿ ಒಂದು ಮರದ ಪೆಟ್ಟಿಗೆ ಮಾಡಲು ಹೇಳಿತ್ತು. ಅದನ್ನು ತರಲು ವಿನುತಾ ಅಮಾವಾಸ್ಯೆಯ ಹಿಂದಿನ ದಿನ ರೈಲು ಹತ್ತಿದಳು.

ಹೊರಡುವಾಗ ನನಗೆ ಹೇಳಿದಳು: "ಅಕ್ಕಾ, ಚೀಲ ಒಣಗದ ಹಾಗೆ ನೋಡ್ಕೊಳ್ಳಿ. ನನ್ನ ಜೀವ ಅದರಲ್ಲೇ ಇದೆ."

ಅತ್ತೆಗೂ ಒಂದು ಮಾತು ಹೇಳಿದಳು. ಅದೇ ಎಡವಟ್ಟಾಯಿತು. ಅತ್ತೆ ಮಣ್ಣೆತ್ತಿನ ಅಮಾವಾಸ್ಯೆಯ ಬಗ್ಗೆ ಎರಡು ದಿನದಿಂದ ವರ್ಣಿಸುತ್ತಿದ್ದರು. ನಮ್ಮ ಮನೆಯಲ್ಲಿ ಕುಂಬಾರರಿಂದ ಎತ್ತು ಕೊಳ್ಳುವ ಪದ್ಧತಿಯಿಲ್ಲ, ಕೆರೆಯ ಮಣ್ಣು ತಂದು ಕೈಯಾರೆ ಐದು ಎತ್ತು ಮಾಡಬೇಕು. ರೈಲ್ವೆ ಕ್ವಾರ್ಟರ್ಸಿನಲ್ಲಿ ಬೆಳೆದ ಮೈಸೂರು ಕಡೆಯ ಹುಡುಗಿ, ಇದನ್ನೆಲ್ಲ ಕಂಡವಳಲ್ಲ. ಕಣ್ಣರಳಿಸಿ ಕೇಳಿದ್ದಳು.

"ನಾನು ವಾಪಸ್ ಬರೋ ಹೊತ್ತಿಗೆ ಎತ್ತು ಮಾಡಿಟ್ಟಿರ್ತೀರಾ ಅಜ್ಜಿ? ನೋಡಬೇಕು."

"ಮಾಡಿರ್ತೀನಿ ನನ್ನ ತಾಯಿ. ನಿನಗಂತಲೇ ಮಾಡ್ತೀನಿ."

ಅಮಾವಾಸ್ಯೆಯ ಹಿಂದಿನ ದಿನವಿಡೀ ಕರೆಂಟ್ ಇರಲಿಲ್ಲ. ಹೋಳಿಗೆಗೆ ಗೋಧಿ ಬೀಸಿಸಬೇಕಲ್ಲ, ಮರುದಿನ ಬೆಳಿಗ್ಗೆ ಕತ್ತಲು ಹರಿಯುವ ಮೊದಲೇ ಗಿರಣಿಗೆ ಹೋದೆ. ಊರಿಗೆ ಊರೇ ಡಬ್ಬಿ ಹಿಡಿದು ನಿಂತಿತ್ತು. ಕರೆಂಟ್ ಬರುವುದು, ಕಲ್ಲು ತಿರುಗುವುದು, ಒಬ್ಬರ ಹಿಟ್ಟು ಮುಗಿಯುವಷ್ಟರಲ್ಲಿ ಹೋಗುವುದು. ಪ್ರತಿ ಸಲ ಹೋದಾಗಲೂ ಎಲ್ಲರ ಕಣ್ಣು ನನ್ನ ಮೇಲೆ.

"ಏನ್ರೀ, ಸಾಹೇಬ್ರ ಜೋಡಿ ಜಗಳ ಆಡಿ ಬಂದೀರೇನು?" ಎಂದಳು ಒಬ್ಬಾಕೆ.

"ಇಲ್ಲವ್ವ."

"ಹಂಗಾರ ಹೋಗಿ ಆಡಿ ಬರ್ರಿ. ಹೆದರಿ ಬಿಟ್ಟಾರು."

ಹಿಟ್ಟಿನ ಡಬ್ಬಿ ಹಿಡಿದು ಮನೆ ಮುಟ್ಟುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿತ್ತು. ಅಂಗಳ ಸಾರಿಸಿತ್ತು. ರಂಗೋಲಿ ಬಿದ್ದಿತ್ತು. ಮತ್ತು ಪಡಸಾಲೆಯ ಗೋಡೆಗೆ, ಫಳಫಳ ಹೊಳೆಯುತ್ತ, ತೊಳೆದು ಬೋರಲು ಹಾಕಿದ ತಗಡಿನ ದೋಣಿ ಒರಗಿತ್ತು.

ಡಬ್ಬಿಯನ್ನು ಅಲ್ಲೇ ಇಟ್ಟು ಒಳಗೆ ಓಡಿದೆ.

ಜಗುಲಿಯ ಮೇಲೆ ಐದು ಎತ್ತುಗಳು. ಅವುಗಳ ಮುಂದೆ ಮಣ್ಣಿನದೇ ಗೋದಲಿ, ಅದರಲ್ಲಿ ನಾಲ್ಕು ಎಳೆ ಹಸಿ ಹುಲ್ಲು. ಕಣ್ಣಿಗೆ ಗುಲಗಂಜಿ. ಹಣೆಗೆ ಅರಿಶಿನ ಕುಂಕುಮ. ಕೊರಳಿಗೆ ಹಡಗಲಿ ಮಲ್ಲಿಗೆಯ ಮಾಲೆ. ಇಷ್ಟು ಚೆಂದದ ಎತ್ತುಗಳನ್ನು ಅತ್ತೆ ಹಿಂದೆಂದೂ ಮಾಡಿರಲಿಲ್ಲ. ಅದೇ ದುರಂತ.

"ಎಂಥಾ ಮಣ್ಣು ಅಂತಿ!" ಎಂದರು ಅತ್ತೆ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ. "ಒಂದು ಹರಳಿಲ್ಲ, ಒಂದು ಬೇರಿಲ್ಲ. ಬೆಣ್ಣಿ! ಪಾಪ, ಆ ಹುಡುಗಿ ಹಬ್ಬಕ್ಕ ಅಂತ ಎಷ್ಟು ಕಷ್ಟಪಟ್ಟು ತಂದಾಳ."

"ಅತ್ತೀ, ಅದು ಹಬ್ಬಕ್ಕಲ್ಲ. ಅದು ಸಮುದ್ರಕ್ಕೆ."

"ಹೇ, ಬಿಡು. ಸಮುದ್ರಕ್ಕ ಯಾರರ ಕೆರಿ ಮಣ್ಣು ಒಯ್ತಾರೇನು? ಅಮಾಸಿ ಹೊತ್ತಿಗೆ ಮಣ್ಣು ತಂದು, ಎತ್ತು ಮಾಡು ಅಂತ ತಾನ ಹೇಳಿ ಹೋಗ್ಯಾಳ. ಬಾಯಿ ಬಿಟ್ಟು ಹೇಳಾಕ ನಾಚಿಗಿ ಇರಬೇಕು."

ಮಣ್ಣೆತ್ತಿನ ಅಮಾವಾಸ್ಯೆಯ ಮುನ್ನಾ ವಾರ ಕೆರೆಯಿಂದ ಮಣ್ಣು ತರುವವರೆಲ್ಲ ಎತ್ತಿಗೇ ತರುತ್ತಾರೆ. ಈ ಊರು ಹುಟ್ಟಿದಂದಿನಿಂದ ಅದಕ್ಕೊಂದು ಅಪವಾದ ಇರಲಿಲ್ಲ. ಅತ್ತೆಯ ಲೆಕ್ಕಾಚಾರದಲ್ಲಿ ತಪ್ಪು ಹುಡುಕಲು ನನ್ನ ಕಾನ್ವೆಂಟಿನ ಇಂಗ್ಲಿಷೂ ಉಪಯೋಗಕ್ಕೆ ಬರಲಿಲ್ಲ.

ಮಧ್ಯಾಹ್ನದ ರೈಲಿಗೆ ವಿನುತಾ ಬಂದಳು. ಹಿಂದೆ ಹಮಾಲನ ತಲೆಯ ಮೇಲೆ ಉದ್ದನೆಯ ಹೊಸ ಪೆಟ್ಟಿಗೆ. ಮೊದಲು ಬೋರಲು ಬಿದ್ದ ದೋಣಿಯನ್ನು ನೋಡಿದಳು. ಆಮೇಲೆ ಜಗುಲಿಯನ್ನು. ಆಮೇಲೆ ಹೊಸ್ತಿಲ ಮೇಲೆ ಕುಸಿದಳು.

"ಹೊಸ್ತಿಲ ಮ್ಯಾಲೆ ಕುಂದರಬ್ಯಾಡ ತಂಗಿ, ಒಳ್ಳೇದಲ್ಲ" ಎಂದರು ಅತ್ತೆ.

ಅವಳು ಅಳಲಿಲ್ಲ. ಅತ್ತಿದ್ದರೆ ಸುಲಭವಿತ್ತು. ಮಲ್ಲಿಗೆ ಮಾಲೆಯನ್ನೇ ದಿಟ್ಟಿಸುತ್ತ, "ಅಕ್ಕಾ, ಹೂವು... ಪರಾಗ..." ಎಂದಳು. ನಾನು ಓಡಿಹೋಗಿ ಮಾಲೆ ತೆಗೆಯಲು ಕೈ ಚಾಚಿದೆ. ಅತ್ತೆ ನನ್ನ ಕೈಗೆ ಪಟ್ಟನೆ ಹೊಡೆದರು.

ಆಗ ನಾನು ನನಗೆ ತಿಳಿದಷ್ಟನ್ನು ತಿಳಿದಷ್ಟೇ ಕನ್ನಡದಲ್ಲಿ ಅತ್ತೆಗೆ ಹೇಳಿದೆ. ಪ್ರೊಫೆಸರರ ಮಾತು, ಇದೊಂದೇ ಅವಕಾಶ, ಈ ಮಣ್ಣು ಪುಣೆ ಮುಟ್ಟದಿದ್ದರೆ ಹುಡುಗಿಯ ಓದು ಇನ್ನೊಬ್ಬನ ಪಾಲು. ಅತ್ತೆಯ ಮುಖ ನಿಧಾನಕ್ಕೆ ಇಳಿಯಿತು. ಜಗುಲಿಯ ಅಂಚು ಹಿಡಿದು ಕೂತರು.

"ಹೊಟ್ಟಿ ಮ್ಯಾಲೆ ಹೊಡೆದಂಗಾತಲ್ಲ ಹುಡುಗೀದು" ಎಂದರು. ಅತ್ತೆ ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ವಿನುತಾ ಕೂತಲ್ಲಿಂದಲೇ ಕೇಳಿದಳು: "ಅಜ್ಜಿ, ಎಲ್ಲಾ ಮಣ್ಣನ್ನೂ ಒಟ್ಟಿಗೇ ಕಲಸಿದ್ರಾ?"

ಇಳಿದ ಮುಖ ಸಟ್ಟನೆ ಏರಿತು. "ಒಟ್ಟಿಗೆ ಕಲಸಾಕ ನನಗೇನು ಹುಚ್ಚೇನು? ಹಪ್ಪಳದ ಹಿಟ್ಟು ಪೂರಾ ಬಿಚ್ಚಿಟ್ಟು ಲಟ್ಟಸ್ತಾರೇನು? ಬೇಕಾದಷ್ಟ ಒಂದು ತುದೀಂದ ಹರಕೊಳ್ಳೋದು, ಉಳಿದಿದ್ದಕ್ಕ ಹಸಿ ಚೀಲ ಮುಚ್ಚೋದು. ಇಲ್ಲಾಂದ್ರ ಬಿರಿತೈತಿ."

ವಿನುತಾ ಹೊಸ್ತಿಲಿಂದ ಎದ್ದಳು. "ಯಾವ ತುದಿಯಿಂದ?"

"ಬಾಗಲ ಕಡೀದು."

"ಅದು ಮೇಲಿನ ಪದರ! ಅಂದ್ರೆ ಒಂದು ಎತ್ತಿಗೆ ಒಂದೇ ತುಂಡು?"

"ಒಂದು ಎತ್ತಿಗೆ ಒಂದು ತುಂಡು."

"ಸಾಲಾಗಿ?"

"ಸಾಲಾಗಿ."

ಅಲ್ಲಿಂದ ಮುಂದೆ ನಡೆದದ್ದನ್ನು ನೀವು ನೋಡಬೇಕಿತ್ತು. ಪಿಎಚ್.ಡಿ. ಹುಡುಗಿ ಜಗುಲಿಯ ಮುಂದೆ ಮಂಡಿಯೂರಿದ್ದಾಳೆ. ಅತ್ತೆ ಎತ್ತುಗಳನ್ನು ಪರಿಚಯಿಸುತ್ತಿದ್ದಾರೆ. "ಇದು ಮೊದಲನೇದು, ಕೈ ಇನ್ನೂ ಕುದುರಿರಲಿಲ್ಲ, ಕುತಿಗಿ ಸೊಟ್ಟ ಆತು. ಇದು ಎರಡನೇದು. ಇದರ ಮಣ್ಣು ಒರಟು, ಕಾಲು ನಿಲ್ಲವಲ್ವು." ಒರಟು ಎಂದ ಕೂಡಲೇ ವಿನುತಾ, "ಮರಳು ಬಂದಿದೆ, ದೊಡ್ಡ ಪ್ರವಾಹ ಇರಬೇಕು" ಎನ್ನುತ್ತಾಳೆ. "ಐದನೇದು ತಳದ ಮಣ್ಣಿಂದು. ಅಗದೀ ಕರ್ರಗ, ಅಗದೀ ನುಣ್ಣಗ. ನೋಡು ಎಂಥಾ ಡುಬ್ಬ ಬಂದೈತಿ!"

ಕೆರೆ ಕಟ್ಟಿದ ಕಾಲದ ಡುಬ್ಬ!

"ಕೋಡು?" ಎಂದು ಕೇಳಿದಳು ವಿನುತಾ.

ಅತ್ತೆ ತುಸು ಅಪರಾಧಿಯಂತೆ ಹೇಳಿದರು: "ಕೋಡು ಎಲ್ಲಾದ್ರಾಗಿಂದೂ ಚೂರು ಚೂರು ಕೂಡಿಸಿ ಮಾಡೀನವ್ವ."

"ಹೋಗಲಿ. ಕೋಡು ಬೇಡ. ಹೊರಗಿನದನ್ನೆಲ್ಲ ಕೆರೆದುಹಾಕಿದ್ರೆ ಹೊಟ್ಟೆಯೊಳಗಿನ ಮಣ್ಣು ಸಿಗುತ್ತೆ. ಒಂದೊಂದು ಗೆರೆ ಸಿಗಲ್ಲ, ಆದರೆ ಐದು ಕಾಲ ಸಿಗುತ್ತೆ. ಅಜ್ಜಿ, ಇವನ್ನ ಪುಣೆಗೆ ತಗೊಂಡು ಹೋಗ್ತೀನಿ."

"ಒಯ್ದು?"

(ಇಲ್ಲಿ ಅವಳು ಸುಳ್ಳು ಹೇಳಬಹುದಿತ್ತು. ಕಾನ್ವೆಂಟಿನಲ್ಲಿ ಸತ್ಯ ಹೇಳುವುದನ್ನು ಕಲಿಸುತ್ತಾರೆ. ಯಾವಾಗ ಹೇಳಬಾರದೆಂದು ಕಲಿಸುವುದು ಅತ್ತೆ ಮನೆಯಲ್ಲಿ. ಅವಳಿಗಿನ್ನೂ ಮದುವೆಯಾಗಿಲ್ಲ.)

"ಆಸಿಡ್ ಹಾಕಿ ಕುದಿಸ್ತೀವಿ. ಆಗ ಪರಾಗ ಮಾತ್ರ ಉಳಿಯುತ್ತೆ."

"ಬಸವಣ್ಣನ್ನ ಕುದಿಸ್ತಿ?"

ಅತ್ತೆ ಎದ್ದು ಜಗುಲಿಗೆ ಅಡ್ಡ ನಿಂತರು. ಪೂಜೆಯಾದ ಎತ್ತು. ಅದನ್ನು ಒಡೆಯುವ ಹಾಗಿಲ್ಲ, ಕೆರೆಯುವ ಹಾಗಿಲ್ಲ. ನೀರಿಗೆ ಬಿಡುವವರೆಗೂ ದೇವರು ದೇವರೇ. ಹುಡುಗಿಗಾಗಿ ತಮ್ಮ ಬಂಗಾರದ ಬೋರಮಾಳ ಸರ ಬೇಕಾದರೆ ಕೊಡುತ್ತಾರಂತೆ, ಎತ್ತು ಕೊಡಲಾರರು. ಹೀಗೆನ್ನುವಾಗ ಅವರ ಕಣ್ಣಲ್ಲೂ ನೀರಿತ್ತು. ಊಟಕ್ಕೆ ಬಂದ ನಮ್ಮವರು ಬಾಗಿಲಲ್ಲೇ ನಿಂತು, ಒಮ್ಮೆ ತಾಯಿಯನ್ನು, ಒಮ್ಮೆ ವಿನುತಾಳನ್ನು ನೋಡಿ, ಮೆಲ್ಲಗೆ ಚಪ್ಪಲಿ ಮೆಟ್ಟಿ ಮತ್ತೆ ಆಫೀಸಿಗೆ ಹೊರಟರು. ಗಂಡಸರು ಇಂಥ ಹೊತ್ತಿನಲ್ಲಿ ಎಷ್ಟು ಜಾಣರಾಗುತ್ತಾರೆ!

ನನಗೆ ಏನೋ ಹೊಳೆಯಿತು. "ವಿನುತಾ, ಆಸಿಡ್‌ಗೆ ಮೊದಲು ಏನು ಮಾಡ್ತೀರಾ? ಗಟ್ಟಿ ಮಣ್ಣನ್ನೇ ಕುದಿಸ್ತೀರಾ?"

"ಇಲ್ಲ ಅಕ್ಕ. ಮೊದಲು ನೀರಲ್ಲಿ ಬಿಡ್ತೀವಿ. ಪೂರ್ತಿ ಕರಗಬೇಕು."

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು ವಿನುತಾಳ ಕಡೆ ತಿರುಗಿದರು.

"ನೀರಿಗೆ ಬಿಡ್ತೀರಿ?" ಎಂದರು ಅತ್ತೆ.

"ಹೂಂ ಅಜ್ಜಿ."

"ಎಂಥಾ ನೀರು?"

"ತುಂಬಾ ಶುದ್ಧವಾದ ನೀರು. ಕಾಯಿಸಿ, ಆವಿ ಮಾಡಿ, ಆ ಆವಿ ತಣಿಸಿ ಹಿಡಿದಿದ್ದು. ಅದನ್ನ ಬೇರೆ ಯಾತಕ್ಕೂ ಮುಟ್ಟಲ್ಲ."

"ಮಡಿ ನೀರು."

ವಿನುತಾ ನನ್ನನ್ನು ನೋಡಿದಳು. ನಾನು ಕಣ್ಣಲ್ಲೇ ಹೂಂ ಎಂದೆ.

"ಹೂಂ ಅಜ್ಜಿ. ಮಡಿ ನೀರೇ."

"ಹಂಗಂತ ಮೊದಲ ಹೇಳಬಾರದ?" ಅತ್ತೆ ಜಗುಲಿಯಿಂದ ಪಕ್ಕಕ್ಕೆ ಸರಿದರು. "ಎಲ್ಲಿ ಬಿಟ್ರೇನು, ನೀರು ನೀರ. ಮೊದಲು ಪೂರಾ ಎತ್ತು ನೀರಿಗೆ ಬಿಡಬೇಕು, ಮುರಿದು ಬಿಡಬಾರದು. ಕರಗಿದ ಮ್ಯಾಲೆ ಅದು ಬರೇ ಮಣ್ಣು. ಮಣ್ಣಿಗೆ ನೀವು ಏನರ ಮಾಡ್ಕೋರಿ, ಕುದಿಸಿರೋ, ಹುರಿದಿರೋ."

"ಮೊದಲು ಹೊರಗಿನದು ಕೆರೀಬೇಕು ಅಜ್ಜಿ. ಇಲ್ಲದಿದ್ರೆ ಮಲ್ಲಿಗೆ ಪರಾಗ..."

ಚೌಕಾಸಿ ಸಂಜೆವರೆಗೂ ನಡೆಯಿತು. ಕೊನೆಗೆ ಹೀಗೆ ಇತ್ಯರ್ಥವಾಯಿತು: ಎತ್ತನ್ನು ನೀರಿಗೆ ಇಳಿಸಿ, ಹೊರಮೈ ತಾನಾಗಿ ಕರಗಿ ಹರಿದುಹೋಗಲು ಬಿಡುವುದು. ಒಳಗಿನ ಗಟ್ಟಿ ಉಳಿದಾಗ ಅದನ್ನು ಬೇರೆ ನೀರಿಗೆ ಬಿಡುವುದು. ಕೆರೆದ ಹಾಗೂ ಅಲ್ಲ, ಕೆರೆಯದ ಹಾಗೂ ಅಲ್ಲ. ನಂಬರಿನ ಚೀಟಿ ಅಂಟಿಸುವುದಾದರೆ ಬೆನ್ನಿಗೆ, ಹಿಂದುಗಡೆಗಲ್ಲ. (ಪದ ಅತ್ತೆಯದು ಬೇರೆ ಇತ್ತು, ಪತ್ರಿಕೆಯವರು ಹಾಕುವುದಿಲ್ಲ.)

ಮರುದಿನ ಬೆಳಿಗ್ಗೆ ಸ್ಟೇಷನ್ನಿಗೆ ನಾವೆಲ್ಲ ಹೋದೆವು. ಮಣ್ಣಿಗೆಂದು ಮಾಡಿಸಿದ ಉದ್ದನೆಯ ಪೆಟ್ಟಿಗೆಯಲ್ಲಿ ಹುಲ್ಲು ಹಾಸಿ ಐದನ್ನೂ ಸಾಲಾಗಿ ನಿಲ್ಲಿಸಿದ್ದರು, ಥೇಟ್ ಕೊಟ್ಟಿಗೆ. ಮುಚ್ಚಳ ತೆರೆದಿತ್ತು. ಎತ್ತುಗಳಿಗೆ ಉಸಿರು ಕಟ್ಟುತ್ತದೆಂದು ಅತ್ತೆ ಮುಚ್ಚಲು ಬಿಟ್ಟಿರಲಿಲ್ಲ. ಕಿಟಕಿ ಪಕ್ಕದ ಮುದುಕರೊಬ್ಬರು ಇಣುಕಿ ಕೈಮುಗಿದರು.

"ಎಲ್ಲಿಗವ್ವ ಎತ್ತು?"

"ಪುಣೆಗೆ."

"ಯಾಕ, ಅಲ್ಲಿ ಮಣ್ಣಿಲ್ಲೇನು?"

ರೈಲು ಹೊರಟಿತು. ಅತ್ತೆ ಮಾತ್ರ ಬಹಳ ಹೊತ್ತು ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದರು. ಎತ್ತುಗಳನ್ನು ನೋಡುತ್ತಿದ್ದರೋ, ಹುಡುಗಿಯನ್ನೋ, ನಾನು ಕೇಳಲಿಲ್ಲ.

ಹತ್ತು ದಿನ ಸುದ್ದಿಯಿಲ್ಲ. ಮೋಡ ಬರುತ್ತಿತ್ತು, ನೋಡುತ್ತಿತ್ತು, ಹೋಗುತ್ತಿತ್ತು. ಮೊನ್ನೆ ನಮ್ಮವರ ಆಫೀಸಿಗೆ ಟ್ರಂಕ್ ಕಾಲ್ ಬಂತು. ಲೈನು ಸರಿಯಿರಲಿಲ್ಲವಂತೆ, ಇವರು ಕಿರುಚಿ ಮಾತಾಡಿದ್ದಾರೆ. "ಎತ್ತು ಹೆಂಗದಾವ? ನಾಲ್ಕು ನೀರಿಗೆ ಬಿದ್ದವಾ?" ಎಂದು ಸಾಹೇಬರು ಕೂಗಿದ್ದನ್ನು ಕೇಳಿ ಆಫೀಸಿನವರೆಲ್ಲ ಮಿಡುಕಿದರಂತೆ. ಲೈನ್‌ಮನ್ ಒಬ್ಬರು ಮನೆಗೇ ಬಂದು, "ಇನ್ಶೂರ್ ಮಾಡ್ಸಿದ್ರೇನ್ರಿ ಅಮ್ಮಾರ?" ಎಂದು ಕೇಳಿದರು.

ವಿಷಯ ಇಷ್ಟು. ನಾಲ್ಕು ಎತ್ತು ನೀರಿಗೆ ಹೋದವು. ಎರಡರ ಹೊಟ್ಟೆಯಲ್ಲಿ ಬರೀ ಒಣಹುಲ್ಲಿನ ಪರಾಗ, ಎರಡರಲ್ಲಿ ಗಿಡಮರಗಳದ್ದು. ಸಮುದ್ರದ ಕೆಸರಿನ ಜೊತೆ ತಾಳೆ ನೋಡುವಷ್ಟು ಸೂಕ್ಷ್ಮವಲ್ಲ, ಆದರೆ ಈ ಕೆರೆ ಮಾತಾಡುತ್ತದೆ ಎಂಬುದಂತೂ ಖಾತ್ರಿಯಾಯಿತು. ಮುಂದಿನ ಬೇಸಿಗೆಗೆ ವಿನುತಾಳನ್ನೇ ಮತ್ತೆ ಕಳಿಸಬಹುದು. ಆದರೆ ಕೆರೆ ಎಷ್ಟು ಹಳೆಯದೆಂದು ತಿಳಿಯದೆ ಪ್ರೊಫೆಸರು ವಿಷಯ ಮಂಜೂರು ಮಾಡುವಂತಿಲ್ಲ. ಅದನ್ನು ಹೇಳಬೇಕಾದದ್ದು ಐದನೆಯ ಎತ್ತು, ತಳದ ಮಣ್ಣಿನದು. ಅದನ್ನು ನೀರಿಗೆ ಹಾಕಲು ಅವರೇ ಬಿಡುತ್ತಿಲ್ಲ!

ಪ್ರೊಫೆಸರು ಮೂಲತಃ ವಿಜಾಪುರದ ಕಡೆಯ ಹಳ್ಳಿಯವರಂತೆ. ಊರು ಬಿಟ್ಟು ಮೂವತ್ತು ವರ್ಷವಾಗಿರಬೇಕು. ಪೆಟ್ಟಿಗೆ ತೆರೆದ ದಿನವೇ ಆ ಕರಿಯ ಎತ್ತನ್ನು ಎತ್ತಿಕೊಂಡು ಹೋಗಿ ತಮ್ಮ ಮೇಜಿನ ಮೇಲೆ ಇಟ್ಟುಕೊಂಡವರು, ಕೇಳಿದಾಗಲೆಲ್ಲ "ನಾಳೆ" ಎನ್ನುತ್ತಾರಂತೆ. ವಿನುತಾಳ ಓದು ಒಂದು ಮಣ್ಣಿನ ಡುಬ್ಬದ ಮೇಲೆ ನಿಂತಿದೆ.

ಅತ್ತೆ ಇದನ್ನು ಕೇಳಿದ್ದೇ ತಡ, ಮಗನಿಗೆ, "ಹಚ್ಚು ಫೋನು" ಎಂದರು.

ನಿನ್ನೆ ಆಫೀಸಿಗೆ ಹೋದೆವು. ಕಾಲ್ ಸಿಗಲು ಒಪ್ಪೊತ್ತು ಕಾದೆವು. ರಿಸೀವರ್ ಕೈಗೆ ಬಂದಾಗ ಅತ್ತೆ ಮೊದಲು ತಲೆಯ ಮೇಲೆ ಸೆರಗು ಎಳೆದುಕೊಂಡರು. ಆ ಕಡೆ ಪರಗಂಡಸು ಇದ್ದಾರಲ್ಲ.

"ಏನಪ್ಪಾ, ಆರಾಮದೀ? ನಾನು ಎತ್ತಿನ ಅಜ್ಜಿ. ಸಮುದ್ರ ತಣ್ಣಗ ಮಾಡೋದು ನಿನ್ನ ಕೈಯಾಗಿಲ್ಲ, ಒಪ್ಪಿದೆ. ಒಂದು ಎತ್ತು ನೀರಿಗೆ ಬಿಡಾಕ ಏನು ಧಾಡಿ ನಿನಗ? ನಾವಿಲ್ಲಿ ಮೋಡ ನೋಡಿಕೋಂತ ಕುಂತೀವಿ. ಬಿಟ್ಟರ ಮಳಿಗೂ ದಾರಿ, ಆ ಹುಡುಗೀಗೂ ದಾರಿ. ಮುಂದಿನ ವರ್ಷ ನಿನಗೊಂದು ಬ್ಯಾರೇನ ಮಾಡಿ ಕಳಸ್ತೀನಿ, ಆತಿಲ್ಲೋ?"

ಲೈನಿನ ಗರಗರದ ನಡುವೆ ಒಂದು ಗಂಡು ದನಿ ಕೇಳಿಸಿತು. ಅದರಲ್ಲಿ ಇಂಗ್ಲಿಷಿನ ಸುಳಿವೇ ಇರಲಿಲ್ಲ.

"ಆತ್ರಿ ಯವ್ವಾ. ಇವತ್ತ ಬಿಡ್ತೀನ್ರಿ."

ಆ ದೂರದ ಸಮುದ್ರಕ್ಕೂ ಒಂದು ಟ್ರಂಕ್ ಕಾಲ್ ಬುಕ್ ಮಾಡಲು ಬರುವಂತಿದ್ದರೆ, ರಿಸೀವರ್ ಯಾರ ಕೈಗೆ ಕೊಡಬೇಕೆಂದು ನನಗೆ ಗೊತ್ತಿದೆ.